ತಹ್ಸೀನನ ಕೈಗನ್ನಡಿ

ಸಮಾತ್ಯಾ ಬಡಾವಣೆಯ ಉಪ್ಪಿನಕಾಯಿ ಅಂಗಡಿಯ ರೌಫ್ ನಲವತ್ನಾಲ್ಕನೆಯ ವಯಸ್ಸಿಗೆ ಮದುವೆಗೆ ಒಪ್ಪಿದ್ದೇ ತಡ, ಬೋಳು ನೆತ್ತಿಗೆ ಕೂದಲು ನೆಡಿಸಿಕೊಳ್ಳುವ ಹುಚ್ಚು ಹಿಡಿಯಿತು. ಮದುಮಗಳು ನೆರ್ಮಿನ್ ಬೋಳುತಲೆ ನೋಡಿಯೇ ಒಪ್ಪಿದವಳು, ಬೇಡವೆಂದೂ ಹೇಳಿದ್ದಳು. ಆದರೆ ಪಕ್ಕದ ಅಂಗಡಿಯ ಕ್ಷೌರಿಕ ತಹ್ಸೀನ್ ಬಿಡಬೇಕಲ್ಲ. ಅವನು ಬಾಲ್ಯದ ಗೆಳೆಯ. ಮೀಸೆ ಚಿಗುರಿದ ದಿನದಿಂದ ರೌಫನ ತಲೆ ಮುಟ್ಟಿದ್ದು ಅವನೊಬ್ಬನ ಕೈ. ತನ್ನ ಅಳಿಯ ಉಮಿತ್ ಹೊಸದಾಗಿ ಸೇರಿರುವ ಆಸ್ಪತ್ರೆಯಿದೆ, ಉಮಿತ್ ಅಲ್ಲಿ ಬರೀ ಟ್ರೇ ಹಿಡಿಯುವವನು, ಕೆಲಸವೆಲ್ಲ ಪಳಗಿದ ಮುದಿ ಡಾಕ್ಟರದೇ ಎಂದು ಹೇಳಿ ತಾನೇ ಕರೆದುಕೊಂಡು ಹೋದ.

ರೌಫ್ ಬೋರಲು ಮಲಗಿ, ಮರಗಟ್ಟಿದ ಹಿಂದಲೆಯಿಂದ ನೆತ್ತಿಗೆ ನೆಡುವ ಕೂದಲ ಬೇರು ಕೀಳಿಸಿಕೊಂಡ ಮೂರು ಗಂಟೆಯೂ ತಹ್ಸೀನ್ ಎದುರಿಗೆ ಸ್ಟೂಲು ಹಾಕಿಕೊಂಡು, ಅವನ ಕೈ ಹಿಡಿದು ಹಳೇ ಪೋಲಿ ಕಥೆಗಳನ್ನು ಹೇಳುತ್ತಿದ್ದ. ಆಮೇಲಿನ ಆರೈಕೆಯೂ ಅವನದೇ. ಹಕ್ಕಳೆ ಉದುರುವವರೆಗೆ ದಿನಾ ನೊರೆ ಹಚ್ಚಿ ಬೆರಳ ತುದಿಯಲ್ಲಿ ತೊಳೆದ. ನೆಟ್ಟ ಕೂದಲೆಲ್ಲ ಉದುರಿ ರೌಫ್ ಬಾಯಿ ಬಡಿದುಕೊಂಡಾಗ, ಎಲ್ಲರಿಗೂ ಹೀಗೇ, ಬೇರು ಒಳಗಿದೆ ಎಂದು ಧೈರ್ಯ ತುಂಬಿದ. ಅದು ನಿಜವೇ. ನಾಲ್ಕನೇ ತಿಂಗಳಿಗೆ ನೆತ್ತಿಯಲ್ಲಿ ನವಿರು ಹೊರಟಿತು.

ನೆತ್ತಿಗೆ ತಹ್ಸೀನ್ ಕತ್ತರಿ ಸೋಕಿಸಲಿಲ್ಲ. ಕಿವಿಯ ಬದಿಯಲ್ಲಿ ತುದಿಗಳನ್ನಷ್ಟೇ ಕತ್ತರಿಸುತ್ತಿದ್ದ. ಹಿಂದಲೆಯ ಕೂದಲು ಕುತ್ತಿಗೆಗೆ ಇಳಿದರೂ ಮಶೀನು ಹಾಕದೆ, ಗಾಯ ಮಾಗಲಿ, ಅವಸರವೇನು ಎನ್ನುತ್ತಿದ್ದ. ಕ್ಷೌರ ಮುಗಿದಾಗ ಕೈಗನ್ನಡಿ ಹಿಂದೆ ಹಿಡಿದು ಹಿಂದಲೆ ತೋರಿಸುವುದು, ಗಿರಾಕಿ ತಲೆಯಾಡಿಸಿದ ಮೇಲೇ ಕುತ್ತಿಗೆಗೆ ಕಟ್ಟಿದ ಬಟ್ಟೆ ಬಿಚ್ಚುವುದು ಅವರ ಕಸುಬಿನ ಪದ್ಧತಿ. ನಾಲ್ಕು ತಿಂಗಳಿಂದ ತಹ್ಸೀನ್ ಆ ಕನ್ನಡಿ ಎತ್ತಿರಲಿಲ್ಲ. ರೌಫ್ ಅದನ್ನು ಗಮನಿಸಲೂ ಇಲ್ಲ. ನೆತ್ತಿಯ ನವಿರು ಎಣಿಸುವುದರಲ್ಲೇ ಇದ್ದ ಪುಣ್ಯಾತ್ಮ.

ಮದುವೆಗೆ ಐದು ದಿನವಿರುವಾಗ ಅವನು ಬೂಟು ಕೊಳ್ಳಲು ದೋಣಿಯಲ್ಲಿ ಸಮುದ್ರ ದಾಟಿ ಆಚೆ ದಡದ ಕಡಿಕೊಯ್‌ಗೆ ಹೋದ. ಸೆಕೆಗೆ ಕುತ್ತಿಗೆಯೆಲ್ಲ ನವೆ. ತಡೆಯಲಾರದೆ ಗುರುತಿಲ್ಲದ ಕ್ಷೌರಿಕನ ಕುರ್ಚಿಯಲ್ಲಿ, ಹೆಂಡತಿಗೆ ಮೋಸ ಮಾಡುವವನ ಹಾಗೆ ತಲೆ ತಗ್ಗಿಸಿ ಕುಳಿತ. ಆ ಮುದುಕ ಹಿಂದಲೆಯ ಕೂದಲನ್ನು ಬಾಚಣಿಗೆಯಿಂದ ಎತ್ತಿ ನೋಡಿದವನೇ ಕತ್ತರಿ ಕೆಳಗಿಟ್ಟ. ಏನನ್ನೂ ಕತ್ತರಿಸದೆ ಕನ್ನಡಿ ಹಿಡಿದ. ಹಿಂದಲೆ ನುಸಿ ತಿಂದ ಕಂಬಳಿಯಾಗಿತ್ತು.

"ನೆಟ್ಟ ಕೈ ಬೇರೆ, ಕಿತ್ತ ಕೈ ಬೇರೆ," ಎಂದ ಮುದುಕ. "ಇದು ಕಲಿಯೋ ಕೈ, ಒಂದೇ ಕಡೆ ಅಗೆದುಬಿಟ್ಟಿದಾನೆ. ಇಲ್ಲಿನ್ನು ಹುಟ್ಟೋದಿಲ್ಲ ತಮ್ಮಾ. ಆದ್ರೆ ಇದನ್ನ ಇಷ್ಟು ದಿನ ಮುಚ್ಚಿಟ್ಟೋನು ಮಾತ್ರ ದೊಡ್ಡ ಉಸ್ತಾದ."

ಕಲಿಯುವ ಕೈ ಯಾರದೆಂದು ರೌಫ್ ಕೇಳಬೇಕಾಗಿರಲಿಲ್ಲ, ಉಮಿತನದೇ. ಕ್ಷೌರ ಕಲಿಯುವುದು ಕಂಡವರ ತಲೆಯ ಮೇಲೆ ಎಂದು ತಹ್ಸೀನನೇ ನೂರು ಸಲ ನಗುತ್ತ ಹೇಳಿದ್ದ. ಬೋರಲು ಮಲಗಿದವನಿಗೆ ಹಿಂದೆ ನಿಂತವರು ಕಾಣುವುದಿಲ್ಲ, ಎದುರಿಗೆ ಕೂತವನಿಗೆ ಕಾಣುತ್ತದೆ. ಕೂದಲು ಹಾಳಾಗಿ ಹೋಗಲಿ, ಕೈ ಹಿಡಿದುಕೊಂಡೇ ನೋಡುತ್ತಿದ್ದನಲ್ಲ ಎಂದು ದೋಣಿಯಲ್ಲಿ ವಾಪಸು ಬರುವಾಗ ರೌಫ್ ಗೊಣಗಿಕೊಂಡ. ಆದರೂ ಮೂವತ್ತು ವರ್ಷದ ಗೆಳೆತನ. ಅವನಾಗಿ ಬಾಯಿ ಬಿಟ್ಟರೆ ಕ್ಷಮಿಸಿಬಿಡೋಣ ಎಂದುಕೊಂಡ.

ಮದುವೆಯ ಬೆಳಿಗ್ಗೆ ಮದುಮಗನ ಕ್ಷೌರ. ಗೆಳೆಯರು ಡೋಲು ಬಾರಿಸುತ್ತ ತಹ್ಸೀನನ ಅಂಗಡಿಗೆ ನುಗ್ಗಿದರು. ಕತ್ತರಿ ಯಾಕೋ ಕಚ್ಚುತ್ತಿಲ್ಲ ಎಂದು ತಹ್ಸೀನ್ ಪದ್ಧತಿಯಂತೆ ಕೈ ಕಟ್ಟಿ ನಿಂತ. ಜೇಬಿಗೆ ನೋಟು ತುರುಕಿದ ಮೇಲೇ ಕತ್ತರಿಗೆ ಜೀವ ಬಂತು. ಗಡ್ಡ ಹೋಯಿತು, ನಿಂಬೆಯ ಕೊಲೋನ್ ಘಮಘಮಿಸಿತು. ತಹ್ಸೀನ್ ಕುತ್ತಿಗೆಯ ಬಟ್ಟೆಗೆ ಕೈ ಹಾಕಿದ.

"ಕನ್ನಡಿ ತೋರ್ಸು," ಎಂದ ರೌಫ್.

"ಮದುಮಗ ಹಿಂದೆ ನೋಡ್ತಾನೇನೋ? ಮುಂದಿನದು ನೋಡ್ಕೋ," ಎಂದ ತಹ್ಸೀನ್. ಗೆಳೆಯರು ಗೊಳ್ಳೆಂದು ನಕ್ಕರು.

"ತೋರ್ಸು ತಹ್ಸೀನ್."

ತಹ್ಸೀನ್ ಕನ್ನಡಿ ಕೈಗೆತ್ತಿಕೊಂಡ. ಉಸಿರೂದಿ ಟವೆಲಿನಿಂದ ಒರೆಸಿದ, ಮತ್ತೆ ಒರೆಸಿದ. ಎತ್ತಿ ಹಿಡಿಯಲಿಲ್ಲ. "ಹೊತ್ತಾಯ್ತು ಕಣೋ, ನೆರ್ಮಿನ್ ಕಾಯ್ತಿರ್ತಾಳೆ. ಎಲ್ಲ ಚೆನ್ನಾಗಿದೆ, ನನ್ನ ಮಾತು ನಂಬು."

ರೌಫ್ ಬಟ್ಟೆಯನ್ನು ತಾನೇ ಎಳೆದು ತೆಗೆದ. "ನಾನು ಆಗ್ಲೇ ನೋಡಿದೀನಿ, ಕಡಿಕೊಯ್‌ನಲ್ಲಿ. ನೀನು ತೋರಿಸ್ತೀಯೇನೋ ಅಂತ ಬಂದೆ."

ತಹ್ಸೀನ್ ಅವನ ಕಿವಿಯ ಹತ್ತಿರ ಬಗ್ಗಿದ. "ಅವನು ನನ್ನ ಅಳಿಯ ಕಣೋ," ಎಂದ, ಡೋಲಿನ ಗದ್ದಲದಲ್ಲಿ ರೌಫನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ನಾನ್ಯಾರಾಗಿದ್ದೆ ಹಾಗಾದ್ರೆ?"

ಮದುವೆಯಲ್ಲಿ ಜೊತೆಗಾರನಾಗಿ ರೌಫನ ಬಲಕ್ಕೆ ನಿಲ್ಲಬೇಕಾಗಿದ್ದವನು ತಹ್ಸೀನ್. ಅದಕ್ಕೆಂದೇ ಹೊಸ ಕೋಟು ತೊಟ್ಟಿದ್ದ. ರೌಫ್ ಅವನ ಬದಲು ಮೀನಂಗಡಿಯ ಎಕ್ರೆಮನ ತೋಳು ಹಿಡಿದು ಹೊರಟುಬಿಟ್ಟ. ತಹ್ಸೀನ್ ಕನ್ನಡಿ ಹಿಡಿದುಕೊಂಡೇ ಕುರ್ಚಿಯ ಹಿಂದೆ ನಿಂತಿದ್ದ.