ಟೊಮೆಟೊ ಗಿಡಕ್ಕೊಂದು ರೇನ್‌ಕೋಟು

ನಮ್ಮ ಬಿಲ್ಡಿಂಗಿಗೂ ಒಂದು ತಾರಸಿ ಇದೆ. ಇದೆ ಅಂದರೆ ಇತ್ತು, ಅಷ್ಟೇ. ಕಾಲು ಮುರಿದ ಕುರ್ಚಿಗಳು, ತುಕ್ಕು ಹಿಡಿದ ಸೈಕಲ್ಲು, ತನ್ನದೆಂದು ಯಾರೂ ಒಪ್ಪಿಕೊಳ್ಳದ ಒಂದು ಹಳೇ ಹಾಸಿಗೆ, ನೀರಿನ ಟ್ಯಾಂಕು. ಬಾಗಿಲಿಗೆ ದೊಡ್ಡ ಬೀಗ. ಬೀಗದ ಕೈ ಕೆಳಮನೆಯ ಓನರಮ್ಮನ ಕೈಚೀಲದಲ್ಲಿ. ನಾನು ಮೂರನೇ ಮಹಡಿಯವಳು. ಮೆಟ್ಟಿಲ ಮೇಲೆ ಯಾರು ಏನು ಮಾತಾಡಿದರೂ ನನ್ನ ಕಿವಿಗೆ ಬೀಳುತ್ತದೆ, ಬಾಯಿಯೂ ಸ್ವಲ್ಪ ಜೋರು. ಹಾಗಾಗಿ ಈ ಕಥೆ ನಾನೇ ಹೇಳಬೇಕು.

ನನ್ನ ಮೇಲಿನ ಮನೆಯಲ್ಲಿ ಟೈಲರಕ್ಕ ಇದ್ದಾಳೆ. ರೇನ್‌ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗಂಡ ಬಸ್ ಡ್ರೈವರ್. ಜೊತೆಗೆ ಅವನ ತಾಯಿ, ನಮಗೆಲ್ಲ ಅಜ್ಜಿ. ಅಜ್ಜಿಗೆ ಮೊಣಕಾಲು ನೋವು, ಬಿಲ್ಡಿಂಗಿಗೆ ಲಿಫ್ಟಿಲ್ಲ. ಅಷ್ಟು ಮೆಟ್ಟಿಲು ಇಳಿದು ಹತ್ತುವುದು ಆಗದ ಮಾತು. ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರದ ಎದುರು ಕುಳಿತು ಸೊಸೆಯ ಕಾಲು ಪೆಡಲ್ ಒತ್ತುವುದನ್ನು ನೋಡುವುದೇ ಅವಳ ಕೆಲಸವಾಗಿತ್ತು. ಮಾತೂ ಕಡಿಮೆಯಾಗಿತ್ತು.

ಒಂದು ದಿನ ಅಜ್ಜಿ ಪುದೀನ ಸೊಪ್ಪು ಬಿಡಿಸಿ, ಉಳಿದ ದಂಟನ್ನು ಸುಮ್ಮನೆ ಲೋಟದ ನೀರಿಗೆ ಹಾಕಿ ಕಿಟಕಿಯಲ್ಲಿಟ್ಟಳು. ಅದು ಬೇರು ಬಿಟ್ಟಿತು! ಅಜ್ಜಿಯ ಮುಖ ನೋಡಬೇಕಿತ್ತು ನೀವು.

"ನೋಡೇ, ನೋಡೇ, ಬೇರು ಬಂದಿದೆ! ಇದಕ್ಕೆ ಒಂದು ಹಿಡಿ ಮಣ್ಣು ಸಿಕ್ಕಿದ್ರೆ..." ಎಂದಳು.

ಟೈಲರಕ್ಕ ತಲೆಯೆತ್ತಿ ಛಾವಣಿ ನೋಡಿದಳು. ಮನೆಯ ಬಾಗಿಲಿನಿಂದ ತಾರಸಿಗೆ ಒಂದು ಗಿಡ್ಡ ಮೆಟ್ಟಿಲ ಸಾಲು, ಅಷ್ಟೇ. ಅಜ್ಜಿ ಹೋಗಬಹುದಾದ ಜಾಗವೆಂದರೆ ಈ ಊರಲ್ಲಿ ಅದೊಂದೇ.

ಟೈಲರಕ್ಕ ಹೋಗಿ ಕೇಳಿದ್ದಕ್ಕೆ ಓನರಮ್ಮ ಬೀಗ ತೆಗೆದುಕೊಟ್ಟಳು. ಸುಮ್ಮನೆ ಕೊಡಲಿಲ್ಲ.

"ತೋಟ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮೊದಲನೇ ಜೋರು ಮಳೆ ಆದ ಮೇಲೆ ನಾನೇ ಬಂದು ನೋಡ್ತೀನಿ. ಕೆಳಗಡೆ ಸೀಲಿಂಗಲ್ಲಿ ಒಂದೇ ಒಂದು ತೇವದ ಕಲೆ ಕಂಡ್ರೂ ಮತ್ತೆ ಬೀಗ. ಆಮೇಲೆ ನನ್ನ ಹತ್ರ ಬಂದು ಗೋಗರೀಬಾರ್ದು."

ಡ್ರೈವರಪ್ಪನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಆ ಸೀಲಿಂಗ್ ಕೆಳಗೆ ಮಲಗೋದು ಯಾರು? ನಾವು! ತಲೆ ಮೇಲೆ ತೋಟ, ಮಂಚದ ಮೇಲೆ ಹೊಳೆ. ತರಕಾರಿ ಅಂಗಡಿ ಸತ್ತು ಹೋಗಿದ್ಯಾ?"

"ಅಂಗಡಿಯಿಂದ ತಂದ ಸೊಪ್ಪು ಮೆಟ್ಟಿಲು ಹತ್ತೋಷ್ಟರಲ್ಲಿ ನಮಗಿಂತ ಸುಸ್ತಾಗಿರುತ್ತೆ ಕಣ್ರೀ," ಎಂದಳು ಟೈಲರಕ್ಕ. "ಒಂದು ಹನಿ ನೀರು ಕೆಳಗಿಳಿದ್ರೆ ನಾನು ಟೈಲರೇ ಅಲ್ಲ."

ಆಡಿದ ಮಾತಿನಂತೆಯೇ ನಡೆದಳು. ರೇನ್‌ಕೋಟಿನ ಬಟ್ಟೆಯಲ್ಲೇ ಗಿಡದ ಚೀಲ ಹೊಲಿದಳು. ಹಳದಿ, ನೀಲಿ, ಕೆಂಪು! ಎರಡೆರಡು ಹೊಲಿಗೆ, ಅದರ ಮೇಲೆ ಟೇಪು, ಟೇಪಿನ ಮೇಲೆ ಇಸ್ತ್ರಿ. ಬಚ್ಚಲಲ್ಲಿ ನೀರು ತುಂಬಿಸಿ ತೂಗುಹಾಕಿ ನೋಡಿದಳು. ಒಂದು ಹನಿ ಸೋರಲಿಲ್ಲ. ಮಣ್ಣು ತುಂಬಿ ಟೊಮೆಟೊ, ಬೀನ್ಸ್, ಪಾಲಕ್ ಹಾಕಿದರು. ಅಜ್ಜಿ ಗೋಡೆ ಹಿಡಿದುಕೊಂಡು ಮೇಲೆ ಹತ್ತಿ, ಇದ್ದುದರಲ್ಲಿ ಗಟ್ಟಿಯಾದ ಕುರ್ಚಿ ಹುಡುಕಿ ಕುಳಿತಳು. ತಾರಸಿಗೆ ಬಂದವರೆಲ್ಲ ಪ್ರೀತಿಯಿಂದ ಒಂದೊಂದು ಚೊಂಬು ನೀರು ಹೊಯ್ದೆವು. ನಾನೂ ಹೊಯ್ದೆ.

ಗಿಡಗಳು ಚಿಗುರಿದವು. ಆಮೇಲೆ ಎಲೆ ಹಳದಿಯಾಯಿತು. ಪಾಪ, ಬಾಯಾರಿಕೆ ಇರಬೇಕೆಂದು ಇನ್ನಷ್ಟು ನೀರು ಹಾಕಿದೆವು. ಕಾಂಡ ಬಾಗಿತು, ಚೀಲದಿಂದ ಕೆಟ್ಟ ವಾಸನೆ ಬರತೊಡಗಿತು.

"ನಾನು ಹೇಳ್ಲಿಲ್ವಾ?" ಎಂದ ಡ್ರೈವರಪ್ಪ. ಈ ಮಾತು ಹೇಳಲು ಅವನು ಕಾದೇ ಇದ್ದ. "ಸಿಟಿ ಬಿಸಿಲಿಗೆ ಇದೆಲ್ಲ ಆಗೋ ಹೋಗೋ ಮಾತಲ್ಲ."

"ನನ್ನ ಕೈಗುಣಾನೇ ಹೋಯ್ತು ಬಿಡು ಮಗಳೇ," ಎಂದು ಅಜ್ಜಿ ಕೆಳಗಿಳಿದು ಮತ್ತೆ ಯಂತ್ರದ ಎದುರು ಕುಳಿತಳು. ಟೈಲರಕ್ಕನಿಗೆ ಅವತ್ತು ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಕಣ್ಣು ಮಂಜಾಗಿತ್ತು.

ನಾನು ತಡೆಯಲಾರದೆ ಎರಡನೇ ಮಹಡಿಯ ನರ್ಸಮ್ಮನನ್ನು ಕರೆತಂದೆ. ಅವಳು ಕಿಟಕಿಯಲ್ಲೇ ಬಕೆಟ್ಟಿನಲ್ಲಿ ಸೊಪ್ಪು ಬೆಳೆಯುತ್ತಾಳೆ. ಅವಳ ಆಸ್ಪತ್ರೆಯ ಅಡುಗೆಮನೆಗೆ ಬೇಕಾದ ಸೊಪ್ಪನ್ನು ಅಲ್ಲಿನ ತಾರಸಿಯಲ್ಲೇ ಬೆಳೆಯುತ್ತಾರೆ, ಕಲಿತದ್ದು ಅಲ್ಲಿ. ಬಂದವಳೇ ಮಣ್ಣಿಗೆ ಬೆರಳು ಚುಚ್ಚಿ ಮೂಸಿ ನೋಡಿದಳು.

"ಅಕ್ಕಾ, ಇದಕ್ಕೆ ಬಾಯಾರಿಕೆ ಅಲ್ಲ. ಉಸಿರು ಕಟ್ಟಿದೆ."

"ಮಣ್ಣೊಳಗೆ ಏನು ಉಸಿರು?"

"ಬೇರಿಗೂ ಗಾಳಿ ಬೇಕಕ್ಕಾ. ನಿಂತ ನೀರಲ್ಲಿ ಬೇರು ಕೊಳೆಯುತ್ತೆ. ಹೆಚ್ಚಾದ ನೀರು ಹೊರಗೆ ಹೋಗೋಕೆ ದಾರಿ ಎಲ್ಲಿ ಬಿಟ್ಟಿದ್ದೀರಿ?"

"ದಾರೀನೇ ಇಲ್ಲ!" ಅಷ್ಟು ದುಃಖದಲ್ಲೂ ಟೈಲರಕ್ಕನಿಗೆ ಹೆಮ್ಮೆ. "ಬೇಕಾದ್ರೆ ಬೋರಲು ಹಾಕಿ ನೋಡಿ."

ನರ್ಸಮ್ಮ ನಗು ತಡೆದುಕೊಂಡಳು. "ಒಂದು ಮಾತು ಕೇಳ್ಲಾ? ನೀವು ಹೊಲಿಯೋ ರೇನ್‌ಕೋಟ್ ಹಾಕ್ಕೊಂಡೋರು ಒಳಗೇ ಬೆಂದು ಹೋಗಲ್ವಾ?"

"ಯಾಕೆ ಬೇಯ್ತಾರೆ? ಕಂಕುಳ ಕೆಳಗೆ ತೂತು ಮಾಡಿ, ಲೋಹದ ರಿಂಗು ಹಾಕಿರ್ತೀನಿ. ಗಾಳಿ ಆಡುತ್ತೆ, ಮಳೆ ಒಳಗೆ..."

ಮಾತು ಅಲ್ಲಿಗೇ ನಿಂತಿತು. ಟೈಲರಕ್ಕ ಚೀಲ ನೋಡಿದಳು, ನರ್ಸಮ್ಮನನ್ನು ನೋಡಿದಳು, ಹಣೆ ಚಚ್ಚಿಕೊಂಡಳು. ಆಮೇಲೆ ನಾವು ನಕ್ಕ ನಗುವಿಗೆ ಅಜ್ಜಿ ಕೆಳಗಿನಿಂದ ಏನಾಯಿತೆಂದು ಕೂಗಿದಳು. ವಿಷಯ ಹೇಳಿದೆವು.

"ಊರವರ ಕಂಕುಳಿಗೆಲ್ಲ ಗಾಳಿ, ನನ್ನ ಟೊಮೆಟೊಗೆ ಮಾತ್ರ ಇಲ್ವೇನೇ!" ಎಂದು ಅಜ್ಜಿ ಮೆಟ್ಟಿಲು ಹತ್ತಿ ಬಂದೇಬಿಟ್ಟಳು.

ಅವತ್ತಿಂದ ನಮ್ಮ ತಾರಸಿಗೆ ಹುರುಪು ಬಂತು! ಚೀಲದ ಬದಿಯಲ್ಲಿ, ತಳದಿಂದ ಎರಡು ಬೆರಳು ಮೇಲೆ, ಟೈಲರಕ್ಕ ಟಕ್ ಟಕ್ ಎಂದು ರಿಂಗು ಹೊಡೆದಳು. ರಿಂಗಿನ ಮಟ್ಟದವರೆಗೆ ಒಡೆದ ಹೆಂಚಿನ ಚೂರು ತುಂಬಿ ಮೇಲೆ ಒಂದು ಹಳೇ ಬಟ್ಟೆ ಹಾಸಿದಳು. ಹತ್ತಿ ಬಟ್ಟೆಯ ಪಟ್ಟಿಗಳನ್ನು ಮಣ್ಣಿನಿಂದ ತಳದವರೆಗೆ ಬತ್ತಿಯ ಹಾಗೆ ಇಳಿಬಿಟ್ಟಳು.

"ತಳದಲ್ಲಿ ಸ್ವಲ್ಪ ನೀರು ಉಳಿಯುತ್ತೆ. ಬತ್ತಿ ಅದನ್ನ ಮೇಲಕ್ಕೆ ಎಳ್ಕೊಳ್ಳುತ್ತೆ. ಹೆಚ್ಚಾಗಿದ್ದು ರಿಂಗಿಂದ ಹೊರಗೆ," ಎಂದಳು ನರ್ಸಮ್ಮ. "ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ರೆ ಮಾತ್ರ ನೀರು. ಕಂಡಕಂಡವರೆಲ್ಲ ಚೊಂಬು ಎತ್ತಬಾರ್ದು." ಇದನ್ನು ನನ್ನ ಕಡೆ ನೋಡಿಯೇ ಹೇಳಿದಳು.

ಡ್ರೈವರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಹೊರಗೆ ಅಂದ್ರೆ ಎಲ್ಲಿಗೆ? ನನ್ನ ಮಂಚಕ್ಕೇ ತಾನೆ? ಇಷ್ಟೊಂದು ಭಾರಕ್ಕೆ ಛಾವಣಿ ಕುಸಿದ್ರೆ ಯಾರು ಹೊಣೆ?"

"ಒಳ್ಳೇ ಪ್ರಶ್ನೆ ಅಣ್ಣಾ. ಬಸ್ಸಲ್ಲಿ ಜನ ಎಲ್ಲಾ ಒಂದೇ ಕಡೆ ನಿಂತ್ರೆ ನೀವೇನು ಮಾಡ್ತೀರಿ?"

"ಬೈತೀನಿ. ಆ ಕಡೆ ಈ ಕಡೆ ಹಂಚ್ಕೊಂಡು ನಿಲ್ಲಿ ಅಂತೀನಿ."

"ಚೀಲಕ್ಕೂ ಅಷ್ಟೇ. ನಡುವೆ ಗುಡ್ಡೆ ಹಾಕೋದು ಬೇಡ, ಗೋಡೆ ಪಕ್ಕ ಹಂಚಿ ಇಡಿ. ಬರೀ ಮಣ್ಣು ತುಂಬಬೇಡಿ. ತೆಂಗಿನ ನಾರಿನ ಪುಡಿ, ಗೊಬ್ಬರ, ಸ್ವಲ್ಪ ಮಣ್ಣು ಕಲಸಿದ್ರೆ ಹಗುರ ಆಗುತ್ತೆ. ಇಟ್ಟಿಗೆ ಮೇಲೆ ಇಟ್ರೆ ಕೆಳಗೆ ನೆಲ ಒಣಗಿರುತ್ತೆ. ಅದಕ್ಕೂ ಮೊದಲು ನೆಲದ ಬಿರುಕು ಮುಚ್ಚಿಸಿ, ಛಾವಣಿ ಹಳೇದಾದ್ರೆ ಎಂಜಿನಿಯರಿಗೆ ತೋರಿಸಿ."

ಡ್ರೈವರಪ್ಪ ಗೊಣಗಿದ. ಗೊಣಗುತ್ತಲೇ ತನ್ನ ಪರಿಚಯದ ಎಂಜಿನಿಯರನ್ನು ಕರೆತಂದು ಛಾವಣಿ ತೋರಿಸಿದ, ಬಿರುಕಿಗೆ ಸಿಮೆಂಟ್ ಮೆತ್ತಿದ, ಇಟ್ಟಿಗೆ ಹೊತ್ತ. ಯಾವ ಚೀಲ ಎಲ್ಲಿ ನಿಲ್ಲಬೇಕೆಂದು ಕಂಡಕ್ಟರನ ಗತ್ತಿನಲ್ಲಿ ಕೂಗತೊಡಗಿದ. ಟೈಲರಕ್ಕ ಉಳಿದ ರೇನ್‌ಕೋಟಿನ ಬಟ್ಟೆಯಲ್ಲಿ ಉದ್ದನೆಯ ಕಾಲುವೆ ಹೊಲಿದು ಚೀಲಗಳ ಮುಂದೆ ಇಳಿಜಾರಾಗಿ ಕಟ್ಟಿದಳು. ರಿಂಗಿನಿಂದ ಬಂದ ನೀರು ಅದರಲ್ಲಿ ಹರಿದು, ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿದ ಬಕೆಟ್ಟಿಗೆ ಬೀಳಬೇಕು. ನಾಳೆ ಅದೇ ನೀರು ಗಿಡಕ್ಕೆ. ಅಜ್ಜಿಯ ಪಾಲಿಗೆ ಗೊಬ್ಬರದ ಖಾತೆ. ಮೂಲೆಯಲ್ಲಿಟ್ಟ ಡ್ರಮ್ಮಿಗೆ ತರಕಾರಿ ಸಿಪ್ಪೆ, ಒಣಗಿದ ಎಲೆ, ಮತ್ತೆ ಸಿಪ್ಪೆ, ಮತ್ತೆ ಎಲೆ. ಮೂಸಿ ನೋಡಿ "ವಾಸನೆ ಇಲ್ಲ, ಜಾಣ!" ಎಂದು ಡ್ರಮ್ಮನ್ನೇ ಹೊಗಳುತ್ತಿದ್ದಳು.

ಮತ್ತೆ ಹಾಕಿದ ಗಿಡಗಳು ಏನು ಬೆಳೆದವು ಅಂತೀರಿ! ಟೊಮೆಟೊ ಹೂ ಬಿಟ್ಟಿತು, ಕಾಯಿ ಕಚ್ಚಿತು. ಮೊದಲ ಕಾಯಿ ಕೆಂಪಗಾಗುವ ಹೊತ್ತಿಗೆ ಸರಿಯಾಗಿ ಮಳೆ ಬಂತು.

ಬಂದದ್ದು ಅಂತಿಂಥ ಮಳೆಯಲ್ಲ. ಎದುರು ಬೀದಿಯೇ ಕಾಣದಷ್ಟು. ಡ್ರೈವರಪ್ಪ ಒದ್ದೆ ಬಟ್ಟೆಯಲ್ಲೇ ಓಡಿಬಂದು ಮಂಚದ ಮೇಲೆ ಪಾತ್ರೆ, ಬಕೆಟ್ಟು, ಪ್ರೆಶರ್ ಕುಕ್ಕರ್ ಎಲ್ಲ ಜೋಡಿಸಿದ. ನಾವೆಲ್ಲ ಸೀಲಿಂಗ್ ನೋಡುತ್ತ ಕುಳಿತೆವು. ಅಜ್ಜಿ ಮಾತ್ರ ಬಾಗಿಲು ನೋಡುತ್ತಿದ್ದಳು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಓನರಮ್ಮ ಬಂದಳು. ಕೈಯಲ್ಲಿ ಬೀಗ.

ಅವಳು ಮಂಚ ಹತ್ತಿ ಸೀಲಿಂಗ್ ಮುಟ್ಟಿ ನೋಡಿದಳು. ಕುಕ್ಕರಿನೊಳಗೂ ಇಣುಕಿದಳು. ಒಣಗಿತ್ತು! ಎಲ್ಲವೂ ಒಣಗಿತ್ತು! ತಾರಸಿಗೆ ಹೋದರೆ ರಿಂಗುಗಳಿಂದ ತೊಟ್ ತೊಟ್ ಎಂದು ಇಳಿದ ನೀರು ಕಾಲುವೆಯಲ್ಲಿ ಹರಿದು ಬಕೆಟ್ಟು ತುಂಬುತ್ತಿತ್ತು. ಇಟ್ಟಿಗೆಗಳ ನಡುವೆ ಮಳೆನೀರು ಎಲ್ಲೂ ನಿಂತಿರಲಿಲ್ಲ.

"ನೋಡ್ರೀ ಓನರಮ್ಮ, ಒಂದು ಹನಿ ಇಲ್ಲ!" ಎಂದು ಕೂಗಿದ್ದು ಯಾರು ಗೊತ್ತೇ? ಡ್ರೈವರಪ್ಪ. "ಭಾರ ಎಲ್ಲಾ ಗೋಡೆ ಕಡೆ ಹಂಚಿದ್ದೀವಿ. ಬನ್ನಿ, ಬೀನ್ಸ್ ತೋರಿಸ್ತೀನಿ."

ಟೈಲರಕ್ಕ ಗಂಡನ ಮುಖವನ್ನೇ ನೋಡಿದಳು. "ನೀವು ಹೇಳ್ಲಿಲ್ವಾ, ಸಿಟೀಲಿ ಆಗಲ್ಲ ಅಂತ?"

"ಯಾರು, ನಾನಾ? ಯಾವಾಗ?"

ಅಜ್ಜಿ ಮೊದಲ ಟೊಮೆಟೊ ಕಿತ್ತು, ಸೆರಗಿನಲ್ಲಿ ಒರೆಸಿ ಓನರಮ್ಮನಿಗೆ ಕೊಟ್ಟಳು. ಓನರಮ್ಮ ಅಲ್ಲೇ ಕಚ್ಚಿದಳು. ರಸ ಗಲ್ಲದ ಮೇಲೆ ಇಳಿಯಿತು. ಒರೆಸಿಕೊಂಡು ಇನ್ನೊಮ್ಮೆ ಕಚ್ಚಿದಳು.

"ನಂಗೂ ಒಂದು ಚೀಲ ಹೊಲಿದು ಕೊಡ್ತೀಯೇನಮ್ಮಾ?" ಎಂದಳು ಕೊನೆಗೆ. ಕೈಯಲ್ಲಿದ್ದ ಬೀಗ ನೋಡಿಕೊಂಡು, "ಇದನ್ನೇನು ಮಾಡ್ಲಿ?" ಎಂದಳು.

"ಇಲ್ಲಿ ಕೊಡು ತಾಯಿ," ಎಂದು ಅಜ್ಜಿ ಅದನ್ನು ತೆಗೆದುಕೊಂಡಳು. ಬೀನ್ಸ್ ಬಳ್ಳಿ ಹಬ್ಬಲೆಂದು ನೀರಿನ ಟ್ಯಾಂಕಿನಿಂದ ಇಳಿಬಿಟ್ಟ ದಾರ ಗಾಳಿಗೆ ಹಾರಾಡುತ್ತಿತ್ತು. ಅದರ ತುದಿಗೆ ಬೀಗ ಕಟ್ಟಿ ಇಳಿಬಿಟ್ಟಳು. ದಾರ ನೆಟ್ಟಗೆ ನಿಂತಿತು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ಹೊಲ ಬೇಕಿಲ್ಲ, ಹಿತ್ತಲೂ ಬೇಕಿಲ್ಲ. ಬಿಸಿಲು ಬೀಳುವ ಒಂದು ಕಿಟಕಿ, ಒಂದು ಬಾಲ್ಕನಿ, ಒಂದು ಮೂಲೆ ಸಾಕು. ಒಂದೇ ಒಂದು ಚೀಲದಿಂದ, ಒಂದು ಹಳೇ ಬಕೆಟ್ಟಿನಿಂದ ಶುರು ಮಾಡಿ. ತೂತು ಮಾತ್ರ ಮರೆಯಬೇಡಿ. ಎಲೆ ಹಳದಿಯಾದರೆ ಕೈಬಿಡಬೇಡಿ, ಗೊತ್ತಿರುವವರನ್ನು ಕೇಳಿ. ನಿಮ್ಮ ಬಿಲ್ಡಿಂಗಿನಲ್ಲೂ ಸುಮ್ಮನೆ ಕುಳಿತ ಒಬ್ಬ ಅಜ್ಜಿ ಇರಬಹುದು, ಅವಳನ್ನು ಕರೆಯಿರಿ. ನಮ್ಮ ಅಜ್ಜಿಯನ್ನು ನೋಡಬೇಕೆಂದರೆ ಮನೆಗೆ ಬರಬೇಡಿ, ಅಲ್ಲಿ ಸಿಗುವುದಿಲ್ಲ. ನೇರ ತಾರಸಿಗೆ ಬನ್ನಿ, ಬಾಗಿಲು ತೆರೆದೇ ಇದೆ.