ಸದಾಶಿವಪ್ಪನವರ ಗದ್ದುಗೆ ಕಲ್ಲು

"ಒಂದ್, ಎಲ್ಡ್... ಎತ್ರಲಾ!"

ನಾಲ್ವರು ಒಟ್ಟಿಗೆ ಹಾರೆ ಮೀಟಿದರು. ಮನೆ ಮುಂದಿನ ಕೈತೋಟದಲ್ಲಿ, ಕರಿಬೇವಿನ ಗಿಡದ ಕೆಳಗಿದ್ದ ಕಲ್ಲು ಒಂದು ಕಡೆಗೆ ವಾಲಿತು. ಅದರೊಳಗಿದ್ದ ನೀರೆಲ್ಲ, ಸಾವಿನ ಸುದ್ದಿ ಕೇಳಿ ಪರಊರಿನಿಂದ ಬಂದಿದ್ದ ಪುಟ್ಟಮಾದಪ್ಪನ ಕಾಲ ಮೇಲೆ ಸುರಿಯಿತು.

"ಕಲ್ಲೊಳ್ಗೆ ಯಾಕ್ಲಾ ನೀರು?" ಎಂದು ಬಗ್ಗಿ ನೋಡಿದವನು ಹೌಹಾರಿದ. ಅದು ಅವನ ಅಣ್ಣ ಸದಾಶಿವಪ್ಪ ಬದುಕಿದ್ದಾಗಲೇ ತನ್ನ ಸಮಾಧಿಯ ಗದ್ದುಗೆಗೆಂದು ಮಾಡಿಸಿಟ್ಟುಕೊಂಡಿದ್ದ ಕಲ್ಲು. ಈಗ ಅದರ ನಟ್ಟನಡುವೆ ಪರಾತದಷ್ಟು ಅಗಲದ ಗುಳಿ. ಹೆಸರು ಕೆತ್ತಿದ್ದ ಸಾಲಿನ ಕೊನೆಯಲ್ಲಿ 'ನವರು' ಎಂಬುದಷ್ಟೇ ಉಳಿದಿತ್ತು.

"ಎಸ್ರೇ ಒಂಟೋಗದಲ್ಲಪ್ಪಾ!"

"ಮರ್ವಾದಿ ಉಳ್ಕಂಡದಲ್ಲ, ಬುಡಿ ಸಾ," ಎಂದ, ಆ ಅಕ್ಷರಗಳನ್ನು ಕೆತ್ತಿದ್ದ ಕಲ್ಲುಕುಟಿಗ ಕೆಂಚಯ್ಯ.

ಜಗಲಿಯ ಮೇಲೆ ಸದಾಶಿವಪ್ಪನಿಗೆ ವಿಭೂತಿ ಬಳಿದು, ಮಡಿಪಂಚೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಹೆಂಡತಿ ಚನ್ನಾಜಮ್ಮ ಅತ್ತೂ ಅತ್ತೂ ಸುಸ್ತಾಗಿ ಕುಳಿತಿದ್ದಳು.

"ಅತ್ಗೆ, ಇದ್ಯಾರ ಕೆಲ್ಸ?"

"ಇಲ್ಲೇ ಕುಂತವ್ರಲ್ಲ, ಅವ್ರನ್ನೇ ಕೇಳಪ್ಪ," ಎಂದಳು ಆಕೆ.

*

ಯಳಂದೂರು ಮೈಸೂರಿನದು, ಕೊಳ್ಳೇಗಾಲ ಇನ್ನೂ ಮದರಾಸಿನದು ಎನ್ನುವ ಕಾಲ. ಯಳಂದೂರಿನ ಪಕ್ಕದ ಹೊನ್ನೂರಿನಲ್ಲಿ ಯಾರ ಗದ್ದುಗೆಗೂ ಇಲ್ಲದ ಕಲ್ಲು ತನಗಿರಲಿ ಎಂದು ಸದಾಶಿವಪ್ಪ ಅದನ್ನು ಕೊಳ್ಳೇಗಾಲದ ಕಡೆಯಿಂದ ಗಾಡಿಯಲ್ಲಿ ತರಿಸಿದ್ದ. "ಮದ್ರಾಸ್ ಕಲ್ಲು ಕಣ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಮೂರು ವರ್ಷ ಕಾದರೂ ಸಾವು ಬರಲಿಲ್ಲ, ಮಳೆ ಬಂತು. ಕೆತ್ತಿದ 'ಸ' ಅಕ್ಷರದಲ್ಲಿ ನಿಂತ ನೀರಿಗೆ ಗುಬ್ಬಿಯೊಂದು ಕೊಕ್ಕು ಅದ್ದಿತು. ರೆಕ್ಕೆ ನೆನೆಸಿಕೊಳ್ಳಲು ನೋಡಿತು, ಜಾಗ ಸಾಲಲಿಲ್ಲ.

ಸದಾಶಿವಪ್ಪ ಕೆಂಚಯ್ಯನನ್ನು ಕರೆಸಿದ. "ಇದ್ನ ವಸಿ ಅಗಲ ಮಾಡ್ಲಾ."

"ಎಸ್ರು ಅಳ್ಸೋಯ್ತದೆ ಸಾ."

"ಗುಬ್ಬಿಗೇನು ಓದಕ್ ಬತ್ತದಾ? ಮಾಡು."

ಗದ್ದುಗೆ ಕಲ್ಲಿಗೆ ಉಳಿ ಇಟ್ಟರೆ ಪಾಪ ಬರುತ್ತದೆಂದು ಕೆಂಚಯ್ಯ ಒಪ್ಪಲಿಲ್ಲ. ಸದಾಶಿವಪ್ಪ ಅವನ ಉಳಿಯನ್ನೇ ಇಸಿದುಕೊಂಡು ಒಂದು ತಿಂಗಳು ತಾನೇ ಕುಟ್ಟಿದ. ಕಲ್ಲಿಗಿಂತ ಹೆಬ್ಬೆರಳಿಗೇ ಹೆಚ್ಚು ಏಟು ಬಿತ್ತು. ಗುಳಿ ಆಳವಾಗಿ, ಮೊದಲು ಇಳಿದ ಗುಬ್ಬಿ ಮುಳುಗುವ ಹಾಗಾಯಿತು. ಅದನ್ನೆತ್ತಿ ಪಂಚೆಯಲ್ಲಿ ಒರೆಸಿ ಬಿಟ್ಟು, ತಳಕ್ಕೆ ಬೆಣಚುಕಲ್ಲು ಹರಡಿದ. ದಿನಾ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ತುಂಬಿ, ಜಗಲಿಯ ಮೇಲೆ ಕೂತು ಕಾಯತೊಡಗಿದ.

"ನಲವತ್ತು ವರ್ಸದಲ್ಲಿ ನಂಗೊಂದ್ ಬಿಂದ್ಗೆ ನೀರು ಸೇದ್ಕೊಡ್ನಿಲ್ಲ ನೀವು," ಎಂದಳು ಚನ್ನಾಜಮ್ಮ.

"ನೀ ಕೇಳ್ನಿಲ್ಲ."

"ಗುಬ್ಬಿ ಕೇಳ್ತಾ?"

ಮಾರನೆಯ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲೂ ಒಂದು ತುಂಬಿದ ಬಿಂದಿಗೆ ಇತ್ತು.

*

"ಗುಳಿ ಇದ್ರೆ ಇರ್ಲಿ, ಮಗುಚಿ ಇಕ್ಕಾವ. ಕಲ್ಲಿಲ್ದಿದ್ರೆ ಊರೋರು ಏನಂದಾರು? ಎತ್ರಲಾ!" ಎಂದ ಪುಟ್ಟಮಾದಪ್ಪ.

ಚನ್ನಾಜಮ್ಮ ಎದ್ದಳು. ಸೆರಗು ಬಿಗಿದುಕೊಂಡು ಜಗಲಿಯಿಂದಿಳಿದು, ನೆಟ್ಟಗೆ ಬಂದು, ಮತ್ತೆ ನೆಲಕ್ಕಿಳಿದಿದ್ದ ಕಲ್ಲಿನ ಗುಳಿಯಲ್ಲೇ ಕುಳಿತಳು. ಆಕೆಯದು ತುಂಬಿದ ಮೈ, ಗುಳಿ ಕಾಣದಾಯಿತು.

"ಈಗ ಎತ್ತಿ."

ಮೊದಲು ಹಾರೆ ಕೆಳಗಿಟ್ಟವನು ಕೆಂಚಯ್ಯ. ಉಳಿದವರು ಶಾಸ್ತ್ರಕ್ಕೆ ಬಂದಿದ್ದ ಮಠದ ಅಯ್ಯನವರ ಮುಖ ನೋಡಿದರು.

"ಮಣ್ಣು ಸಾಕು ಬುಡಪ್ಪ, ಕಲ್ಲೇನೂ ಶಾಸ್ತ್ರವಲ್ಲ. ಒತ್ತಾಯ್ತದೆ, ನಡೀರಿ," ಎಂದರು ಅವರು.

ಚನ್ನಾಜಮ್ಮ ಗೆದ್ದು ಮೇಲೆದ್ದವಳು ಬಿಂದಿಗೆ ಹಿಡಿದು ಬಾವಿಯ ಕಡೆ ನಡೆದಳು. "ಗಂಡನ್ನ ಕುಂಡ್ರುಸ್ಕಂಡು ನೀರಿಗೋಯ್ತಳಲ್ಲಾ!" ಎಂದು ಹೆಂಗಸರು ಕೂಗಿಕೊಂಡರು. ಪುಟ್ಟಮಾದಪ್ಪ ಓಡಿ ಹೋಗಿ ಬಿಂದಿಗೆ ಕಿತ್ತುಕೊಂಡ. ಗೊಣಗುತ್ತಲೇ ನೀರು ಸೇದಿ, ಗೊಣಗುತ್ತಲೇ ಗುಳಿ ತುಂಬಿದ.

ಹೆಣ ಕೂರಿಸಿ ಒಯ್ಯುವ ಬಿದಿರಿನ ವಿಮಾನದಲ್ಲಿ ಸದಾಶಿವಪ್ಪನನ್ನು ಇರಿಸಿ ಹೆಗಲಿಗೇರಿಸಿದರು. ತಮಟೆ ಶುರುವಾಯಿತು. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಗೊರವಂಕವೊಂದು ಕಲ್ಲಿನ ಅಂಚಿಗೆ ಬಂದು ಕುಳಿತಿತು. ಪುಟ್ಟಮಾದಪ್ಪ ತಟ್ಟನೆ ಕೈ ಎತ್ತಿದ. ತಮಟೆ ನಿಂತಿತು.

"ಯಾಕ್ ಸಾ? ಭಾರ!" ಎಂದ ಹಿಂದಿನಿಂದ ಹೆಗಲು ಕೊಟ್ಟವನು.

"ಶ್!"

ಹಕ್ಕಿ ನೀರಿಗಿಳಿದು ಮುಳುಗೆದ್ದು ಮೈ ಕೊಡವಿತು. ವಿಮಾನದಲ್ಲಿ ಸದಾಶಿವಪ್ಪ ಅದಕ್ಕೇ ಮುಖ ಮಾಡಿ ಕುಳಿತಿದ್ದ. ಹಿಂದೆ ಇಡೀ ಹೊನ್ನೂರು ಕೆಮ್ಮದೆ ನಿಂತಿತ್ತು. ಅಯ್ಯನವರು ಕೈಗಂಟೆಯ ನಾಲಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. ಗೊರವಂಕ ಮತ್ತೆ ನೀರಿಗಿಳಿಯಿತು.