ಪಾತ್ರೆ ತೊಳೆಯುವವರ ರಾಜಕುಮಾರಿ

ಸ್ಕೋಪಾಲ್‌ಗೆ ಒಂದು ಚಟ ಇದೆ. ಹಬ್ಬಕ್ಕೆ ಅಂತ ತಯಾರಾದ ಸಿನಿಮಾವನ್ನು ಆತ ಮೊದಲ ಸಲ ನೋಡುವುದೇ ಇಲ್ಲ, ಬರೀ ಕೇಳುತ್ತಾನೆ. ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ಎಳೆದುಕೊಂಡು, ಹೊಟ್ಟೆಯ ಮೇಲೆ ಕೈ ಕಟ್ಟಿ, ಗೋಡೆ ನೋಡುತ್ತಾ ಕೂತುಬಿಡುತ್ತಾನೆ. ಚೆಕ್ ದೇಶದ ನಮ್ಮ ಬ್ರ್ನೊ ಊರಿನ ಟೀವಿಯಲ್ಲಿ ಹಬ್ಬದ ಕಾರ್ಯಕ್ರಮಗಳಿಗೆಲ್ಲ ಆತನೇ ಮುಖ್ಯಸ್ಥ. ನಾನು ಯರ್ಮಿಲಾ, ಹಳೇ ಅಜ್ಜಿಕಥೆಗಳನ್ನು ಟೀವಿಗೆ ಹೊಂದುವಂತೆ ತಿದ್ದಿ ಬರೆಯುವವಳು. ಆತನ ಬೆನ್ನು ಹೇಗಿದೆ ಅಂತ ನನ್ನಷ್ಟು ಚೆನ್ನಾಗಿ ಆತನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

"ಕ್ರಿಸ್‌ಮಸ್ ಹಿಂದಿನ ಸಂಜೆ ಅರ್ಧ ದೇಶ ಕಥೆ ನೋಡುತ್ತೆ. ಇನ್ನರ್ಧ ಅಡುಗೆಮನೇಲಿ ಪಾತ್ರೆ ತೊಳೀತಾ ಕೇಳುತ್ತೆ. ಕೇಳೋರಿಗೆ ಅರ್ಥ ಆಗ್ದಿದ್ರೆ ಅದನ್ನ ಆ ಸಂಜೆಗೆ ಹಾಕೋ ಹಾಗಿಲ್ಲ" ಅನ್ನುವುದು ಆತನ ಮಂತ್ರ. ಸುಳ್ಳೇನಲ್ಲ. ನಮ್ಮಲ್ಲಿ ಊಟ ಮುಗಿಯುವುದಕ್ಕೂ ಹೊಸ ಕಥೆ ಶುರುವಾಗುವುದಕ್ಕೂ ಸರಿಹೋಗುತ್ತದೆ. ಎಣ್ಣೆ ಹತ್ತಿದ ತಟ್ಟೆಗಳು ತಾವೇ ನಡೆದು ಹೋಗಿ ತೊಳೆದುಕೊಳ್ಳುತ್ತವೆಯೇ?

ಆ ವರ್ಷ ನಾವು ತೆಗೆದುಕೊಂಡದ್ದು ಮಲತಾಯಿಯ ಶಾಪಕ್ಕೆ ಕಾಗೆಗಳಾಗಿ ಹೋದ ಅಣ್ಣಂದಿರ ಕಥೆ. ಅವರು ಮತ್ತೆ ಮನುಷ್ಯರಾಗಬೇಕಾದರೆ ತಂಗಿ ತುರಿಕೆ ಗಿಡದ ನಾರಿನಿಂದ ಅಂಗಿ ಹೆಣೆದು ಅವರ ಮೇಲೆ ಹಾಕಬೇಕು. ಹೆಣೆದು ಮುಗಿಯುವವರೆಗೆ ಒಂದು ಮಾತೂ ಆಡಬಾರದು, ಆಡಿದರೆ ಅಣ್ಣಂದಿರು ಸತ್ತೇ ಹೋಗುತ್ತಾರೆ. ನಿರ್ದೇಶಕಿ ವೆಂದುಲಾಗೆ ಇದು ಮೊದಲ ಸಿನಿಮಾ. ಅಲ್ಲಿಯವರೆಗೆ ಶಾವಿಗೆ, ಸಾಬೂನಿನ ಜಾಹೀರಾತು ಮಾಡಿಕೊಂಡಿದ್ದ ಹುಡುಗಿ. ತಂಗಿ ಮೌನ ಹಿಡಿದ ಮೇಲೆ ವೆಂದುಲಾ ಇಡೀ ಸಿನಿಮಾವನ್ನೇ ಮೌನಕ್ಕೆ ಬಿಟ್ಟಿದ್ದಳು. ಸಂಗೀತ ಇಲ್ಲ, ಕಥೆ ಹೇಳುವ ದನಿ ಇಲ್ಲ. ಸುತ್ತ ನಿಂತವರ ಬಾಯಿ ಆಡುತ್ತದೆ, ಸದ್ದಿಲ್ಲ. ಒಂದೆರಡು ನಿಮಿಷವಲ್ಲ, ಹೆಚ್ಚೂಕಡಿಮೆ ಸಿನಿಮಾದ ಕಾಲು ಭಾಗ!

ಮೊದಲ ಪ್ರದರ್ಶನದಲ್ಲಿ ಆ ಭಾಗ ಬಂದಾಗ ಸ್ಕೋಪಾಲ್ ಕುರ್ಚಿಯಲ್ಲೇ ಮಿಸುಕಾಡಿದ. ಕೆಮ್ಮಿದ. ಕೊನೆಗೆ ತಡೆಯಲಾರದೆ ಹಿಂದಕ್ಕೆ ತಿರುಗಿ ನೋಡಿಯೇಬಿಟ್ಟ.

"ಇದೇನಮ್ಮಾ, ಕೆಟ್ಟುಹೋಯ್ತಾ?"

"ಇಲ್ಲ ಸಾರ್, ಹಾಗೇ ಇರೋದು" ಅಂದಳು ವೆಂದುಲಾ.

"ಹಾಗೇ ಇರೋದಾ! ಅಡುಗೆಮನೇಲಿ ಇರೋರು ಏನು ಅಂದ್ಕೋಬೇಕು? ಕಥೆ ಹೇಳೋಕೆ ಒಂದು ಒಳ್ಳೇ ಗಂಡಸಿನ ದನಿ ಹಾಕ್ಸು. 'ಆಮೇಲೆ ಅವಳು ಮೂರನೇ ಅಂಗಿ ಹೆಣೆದಳು' ಅಂತ. ಮುಗೀತು."

"ದನಿ ಹಾಕಿದ್ರೆ ನನ್ನ ಹೆಸರು ತೆಗೆದುಬಿಡಿ."

"ಹಾಕದಿದ್ರೆ ಜನವರಿಯಲ್ಲಿ ಯಾವ್ದೋ ಒಂದು ಬೆಳಿಗ್ಗೆ ಹೋಗುತ್ತೆ ಇದು. ಮಕ್ಕಳೆಲ್ಲ ಸ್ಕೂಲಲ್ಲಿರ್ತಾರೆ. ನೀನೂ ನಿಮ್ಮಮ್ಮನೂ ಕೂತು ನೋಡ್ಕೊಳ್ಳಿ."

ವೆಂದುಲಾ ಮುಖ ಬಿಳುಚಿಕೊಂಡಿತು. ಜನವರಿ ಬೆಳಿಗ್ಗೆಗೆ ಬಿದ್ದ ನಿರ್ದೇಶಕರನ್ನು ಇನ್ನೊಂದು ಸಲ ಯಾರೂ ಕರೆದದ್ದಿಲ್ಲ. ಅದು ಅವಳಿಗೂ ಗೊತ್ತು, ಆತನಿಗೂ ಗೊತ್ತು. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆಯೇ. ಎಷ್ಟೋ ವರ್ಷಗಳಿಂದ ಗೋಡೆ ನೋಡುತ್ತಾ ಕೂತ ಮನುಷ್ಯ, ಯಾವ ಡ್ರ್ಯಾಗನ್ ಗುಡುಗಿದರೂ ತಿರುಗದವನು, ಇವತ್ತು ತಿರುಗಿದ. ಯಾಕೆ?

"ಸ್ಕೋಪಾಲ್ರೇ, ನೀವು ತಿರುಗಿ ನೋಡಿದ್ರಲ್ಲ" ಅಂದೆ.

"ಕೆಟ್ಟುಹೋಯ್ತು ಅಂದ್ಕೊಂಡೆ."

"ಅಡುಗೆಮನೇಲಿ ಇರೋರೂ ಹಾಗೇ ಅಂದ್ಕೊಂಡು ಎದ್ದು ಬಂದ್ರೆ?"

"ಬರಲ್ಲ. ಚಾನೆಲ್ ಬದಲಾಯಿಸು ಅಂತ ಅಲ್ಲಿಂದಲೇ ಕೂಗ್ತಾರೆ."

"ಪರೀಕ್ಷೆ ಮಾಡೋಣ ಬನ್ನಿ. ನಮ್ಮನೇಲಿ, ನಮ್ಮತ್ತೆ ಮೇಲೆ."

ನಮ್ಮತ್ತೆ ಹೆದ್ವಿಕಾ ಅವರಿಗೆ ನಮ್ಮ ಟೀವಿಯ ಎಲ್ಲ ಹಬ್ಬದ ಕಥೆಗಳೂ ಕಂಠಪಾಠ. ಒಂದನ್ನೂ ಅವರು ನೋಡಿಲ್ಲ. ಪಾಪ, ದನಿಯಿಂದಲೇ ಮನುಷ್ಯರನ್ನು ಕಟ್ಟಿಕೊಂಡಿದ್ದಾರೆ. ಒಬ್ಬ ನಟನನ್ನು ಆರಡಿ ಎತ್ತರದ ಗುಂಗುರು ಕೂದಲಿನವನು ಅಂತ ವರ್ಷಗಟ್ಟಲೆ ನಂಬಿದ್ದರು. ಒಮ್ಮೆ ಪೇಟೆಯಲ್ಲಿ ಕುಳ್ಳಗಿನ ಬೋಳುತಲೆಯ ಆಸಾಮಿಯನ್ನು ತೋರಿಸಿ ಇವನೇ ಅಂದಾಗ ನನ್ನ ಮೇಲೆ ವಾರ ಮುನಿಸಿಕೊಂಡಿದ್ದರು. ಸಹಾಯಕ್ಕೆ ಹೋದರೆ ಒದ್ದೆ ಬಟ್ಟೆ ಬೀಸಿ ಓಡಿಸುತ್ತಾರೆ. "ಬರೆದಿರೋದು ನೀನು, ಹೋಗಿ ನೀನೇ ನೋಡು."

ಹೀಗೆ ಜೂನ್ ತಿಂಗಳ ಸೆಕೆಯಲ್ಲಿ ನಮ್ಮನೆಯಲ್ಲಿ ಕ್ರಿಸ್‌ಮಸ್ ಬಂತು. ಅತ್ತೆಗೆ ಸಿನಿಮಾ ಪರೀಕ್ಷೆ ಅಂತ ಹೇಳಿದೆವು, ಪರೀಕ್ಷೆ ಅವರದೇ ಅಂತ ಹೇಳಲಿಲ್ಲ. ನನ್ನ ಗಂಡ ಲುಬೋಶ್ ಕೆರೆಗೆ ಹೋಗಿ ಒಂದು ದಪ್ಪ ಗೆಂಡೆ ಮೀನು ಹಿಡಿದು ತಂದು, ನಮ್ಮ ಹಬ್ಬದ ಪದ್ಧತಿಯಂತೆ ಸ್ನಾನದ ತೊಟ್ಟಿಯಲ್ಲಿ ಬಿಟ್ಟ. "ನಿಮಗೆಲ್ಲ ಬುದ್ಧಿ ನೆಟ್ಟಗಿದೆಯಾ? ಬಿಸಿಲಲ್ಲಿ ಆಲೂಗಡ್ಡೆ ಸಲಾಡ್ ಹಳಸಿ ಹೋಗುತ್ತೆ" ಅಂತ ಬೈಯುತ್ತಲೇ ಅತ್ತೆ ದೊಡ್ಡ ಬೋಗುಣಿ ತುಂಬ ಮಾಡಿದರು. ಪ್ಲಾಸ್ಟಿಕ್ ಮರ ಅಟ್ಟದಿಂದ ಇಳಿಯಿತು. ಕಿಟಕಿ ತೆರೆದಿದ್ದರಿಂದ ಎದುರುಮನೆಯವರು ನೋಡಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

ವೆಂದುಲಾ ಮೊದಲೇ ಬಂದಿದ್ದಳು, ಸ್ಕೋಪಾಲ್ ಟೈ ಕಟ್ಟಿಕೊಂಡು ಬೆವರುತ್ತಾ ಬಂದ. ಆತನ ಹೆಸರಿನ ಮುಂದೆ ಡಾಕ್ಟರ್ ಅಂತ ಇದೆ, ಓದಿದ್ದು ನಾಟಕ. ನಮ್ಮಲ್ಲಿ ಪದವಿ ಇದ್ದವರನ್ನು ಪದವಿ ಹಿಡಿದೇ ಕರೆಯಬೇಕು. "ಬನ್ನಿ ಡಾಕ್ಟ್ರೇ" ಅಂದ ಅತ್ತೆ, ಸೂಪು ಬಡಿಸುವ ಹೊತ್ತಿಗೆ ತಮ್ಮ ಮಂಡಿನೋವನ್ನೂ ಹೇಳಿ ಮುಗಿಸಿದ್ದರು. ಆತ ಗಂಭೀರವಾಗಿ, ಕಾಲು ಮೇಲಿಟ್ಟುಕೊಂಡು ಕೂರಿ ಅಂದ.

ಹಬ್ಬದ ಊಟದ ನಡುವೆ ಯಾರೂ ಏಳುವ ಹಾಗಿಲ್ಲ. ಎದ್ದವರು ಮುಂದಿನ ಹಬ್ಬ ಕಾಣುವುದಿಲ್ಲ ಅಂತ ನಮ್ಮ ಜನರ ನಂಬಿಕೆ. ಆದರೆ ಮೀನು ಬಿಸಿಬಿಸಿ ಬರಬೇಕಲ್ಲ! ಅದಕ್ಕೆ ಮನೆಯೊಡತಿಗೆ ಮಾತ್ರ ರಿಯಾಯಿತಿ. ಇಷ್ಟು ಕೆಲಸ ಇರುವವಳನ್ನು ಕರೆದುಕೊಂಡು ಹೋಗಲು ಸಾವಿಗೂ ಮನಸ್ಸು ಬರುವುದಿಲ್ಲ ಅಂತ ಕಾಣುತ್ತದೆ. ಅತ್ತೆ ಎದ್ದರು, ಕೂತರು, ಎದ್ದರು. ಊಟ ಮುಗಿಯಿತು. ತಟ್ಟೆಗಳ ಜೊತೆ ಅವರು ಒಳಗೆ ಹೋದರು, ನಾವು ಸಿನಿಮಾ ಹಾಕಿದೆವು. ಏನೇ ಆದರೂ ಅವರಿಗೆ ಯಾರೂ ಉತ್ತರ ಕೊಡಬಾರದು ಅಂತ ಮೊದಲೇ ಮಾತಾಗಿತ್ತು.

ಮೊದಮೊದಲು ಎಲ್ಲ ಎಂದಿನಂತೆ. "ಈ ಮಲತಾಯಿ ದನಿ ಕೇಳಿದ್ರೇನೇ ಗೊತ್ತಾಗುತ್ತೆ, ಮನೆಹಾಳಿ!" ಅಂತ ಒಳಗಿಂದ ಕೂಗು ಬಂತು. ಆಮೇಲೆ ಅಣ್ಣಂದಿರು ಕಾಗೆಗಳಾಗಿ ಹಾರಿದರು, ತಂಗಿ ತುಟಿ ಮುಚ್ಚಿದಳು, ಸದ್ದು ನಿಂತಿತು. ಒಳಗೆ ತಟ್ಟೆ ತಟ್ಟೆಗೆ ತಾಗುತ್ತಲೇ ಇತ್ತು. ವೆಂದುಲಾ ಉಗುರು ಕಚ್ಚುತ್ತಿದ್ದಳು. ಅತ್ತೆ ಬರಲಿಲ್ಲ. ಬಾಣಲೆ ಉಜ್ಜುವ ಸದ್ದು ಶುರುವಾಯಿತು. ಸ್ಕೋಪಾಲ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆ ಹುಬ್ಬನ್ನು ಕಿತ್ತು ಕೈಗೆ ಕೊಡಬೇಕು ಅನ್ನಿಸಿತು ನನಗೆ.

ನಲ್ಲಿ ನಿಂತಿತು.

"ಲುಬೋಶ್? ಕರೆಂಟ್ ಹೋಯ್ತೇನೋ?"

ಅತ್ತೆ ಬಾಗಿಲಿಗೆ ಬಂದರು, ಕೈಯಲ್ಲಿ ನೊರೆ ಹಾಗೇ ಇತ್ತು. ಪರದೆಯ ಮೇಲೆ ಹುಡುಗಿ ಬರಿಗೈಯಲ್ಲಿ ತುರಿಕೆ ಗಿಡ ಕೀಳುತ್ತಿದ್ದಳು. ಬೆರಳೆಲ್ಲ ಬೊಬ್ಬೆ.

"ಅಯ್ಯೋ ನನ್ನ ಮಗಳೇ, ಕೈಗೆ ಏನಾದ್ರೂ ಸುತ್ಕೋಬಾರ್ದೇನೇ!" ಅಂದರು. ಊರವರು ಹುಡುಗಿಯನ್ನು ಮಾಟಗಾತಿ ಅಂದರು, ಗಾಡಿಗೆ ಹತ್ತಿಸಿದರು, ಸೌದೆ ಒಟ್ಟಿದರು. ಅವಳು ತಲೆ ಎತ್ತದೆ ಹೆಣೆಯುತ್ತಲೇ ಇದ್ದಳು. ಅತ್ತೆ ನಿಂತೇ ನೋಡುತ್ತಿದ್ದರು. ಕೂರೋಣ ಅಂದರೆ ಟೀವಿ ಕಡೆ ಮುಖ ಮಾಡಿದ ಕುರ್ಚಿ ಅವರಿಗೆ ಇರಲಿಲ್ಲ. ಅವರದು ಅಡುಗೆಮನೆ ಬಾಗಿಲ ಪಕ್ಕದ ಸ್ಟೂಲು, ಟೀವಿಗೆ ಬೆನ್ನು. ನಾನು ಏಳುವ ಮೊದಲೇ ಸ್ಕೋಪಾಲ್ ಎದ್ದು ತನ್ನ ಕುರ್ಚಿಯನ್ನು ಅವರ ಹಿಂದೆ ತಳ್ಳಿದ.

ಸಿನಿಮಾ ಮುಗಿದ ಮೇಲೂ ಅತ್ತೆ ಏಳಲಿಲ್ಲ. ಕೈಮೇಲಿನ ನೊರೆ ಒಣಗಿಹೋಗಿತ್ತು.

"ನಂಗೆ ಇಷ್ಟು ವರ್ಷ ಬಾಯಿ ಇರೋರು ಮಾತ್ರ ಗೊತ್ತಿದ್ರು ಕಣೇ ಯರ್ಮಿಲಾ" ಅಂದರು. "ಬಾಯಿ ಬಿಡದೋರು ಎಷ್ಟು ಜನ ಹೀಗೆ ನನ್ನ ಬೆನ್ನ ಹಿಂದೇನೇ ಬಂದು ಹೋಗಿದ್ದಾರೋ ಏನೋ."

ವೆಂದುಲಾ ಗೊಳೋ ಅಂತ ಅತ್ತುಬಿಟ್ಟಳು. ಸ್ಕೋಪಾಲ್ ಟೈ ಸಡಿಲ ಮಾಡಿಕೊಂಡು ಕೆಮ್ಮಿದ. "ಒಬ್ಬ ಅತ್ತೆ ಅಂದ್ರೆ ಇಡೀ ದೇಶ ಅಲ್ಲ" ಅಂದ. "ಆದ್ರೂ ಇರ್ಲಿ, ಹಬ್ಬದ ಸಂಜೇನೇ ಹಾಕ್ತೀನಿ, ಮೌನ ಹಾಗೇ ಇರ್ಲಿ. ಜನ ಎದ್ದು ಹೋದ್ರೆ ಮಾತ್ರ, ನೋಡಮ್ಮಾ, ನಿಂಗೆ ಮತ್ತೆ ಶಾವಿಗೆ ಜಾಹೀರಾತೇ ಗತಿ."

ಆ ಮಾತನ್ನು ವೆಂದುಲಾ ಡಿಸೆಂಬರ್‌ವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು. ಹಬ್ಬದ ಸಂಜೆ ತನ್ನ ಮನೆಯಲ್ಲಿ ಕೂರಲಾಗದೆ ನಮ್ಮಲ್ಲಿಗೆ ಬಂದಳು. ತಟ್ಟೆಯಲ್ಲಿದ್ದ ಮೀನನ್ನು ಹಾಗೇ ಬಿಟ್ಟಳು. ಊಟವಾದ ಮೇಲೆ ನಾನು ಅತ್ತೆ ಅಡುಗೆಗೆ ಕಟ್ಟಿಕೊಳ್ಳುವ ಏಪ್ರನ್ ಕಸಿದುಕೊಂಡೆ. "ಈ ಸಲ ನೀವು ಹೊರಗೆ ಕೂತ್ಕೊಳ್ಳಿ."

"ನಾನು ನೋಡಾಯ್ತಲ್ಲೇ!"

"ಶುರುವಿನ ಭಾಗ ನೋಡಿಲ್ಲ. ಮಲತಾಯಿ ಹೇಗಿದ್ದಾಳೆ ಅಂತ ಬೇಡ್ವಾ?"

ಅದು ನಾಟಿತು. "ತಟ್ಟೆ ಅಂಚು ಒಡೀಬೇಡ" ಅನ್ನುತ್ತಾ ಹೋಗಿ ಲುಬೋಶನ ಆರಾಮ ಕುರ್ಚಿಯಲ್ಲೇ ಕೂತರು. ವೆಂದುಲಾ ನೋಡಲಾರೆ ಅಂತ ನನ್ನ ಜೊತೆ ಒಳಗೆ ಬಂದು ಒರೆಸುವ ಬಟ್ಟೆ ಹಿಡಿದಳು.

ನಮ್ಮ ಕಟ್ಟಡದ ಅಡುಗೆಮನೆಗಳು ಒಂದರ ಮೇಲೊಂದು, ಹೊಗೆ ಹೋಗುವ ಕೊಳವೆ ಎಲ್ಲಕ್ಕೂ ಒಂದೇ. ಕೆಳಗಿನವರು ಸೀನಿದರೂ ಕೇಳುತ್ತದೆ. ಆ ಹೊತ್ತಿಗೆ ಮೇಲಿನಿಂದ, ಕೆಳಗಿನಿಂದ ತಟ್ಟೆ, ಚಮಚ, ಬಾಣಲೆ ಸದ್ದು. ಎಲ್ಲ ಮಹಡಿಯಲ್ಲೂ ಯಾರೋ ಒಬ್ಬರು ನಮ್ಮ ಹಾಗೆ ನಿಂತು ತೊಳೆಯುತ್ತಿದ್ದರು. ಹೊರಗೆ ಕಾಗೆಗಳು ಹಾರಿದವು, ಮೌನ ಶುರುವಾಯಿತು. ನನಗೆ ಭಯವಾಗಿ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟೆ.

"ಏ ಯರ್ಮಿಲಾ! ಆ ನಲ್ಲಿ ನಿಲ್ಸೇ!" ಅತ್ತೆ ಕಿರುಚಿದರು. "ಏನೂ ಕೇಳಿಸ್ತಾ ಇಲ್ಲ ಇಲ್ಲಿ!"

ನಲ್ಲಿ ನಿಲ್ಲಿಸಿದೆ. ಕೆಳಗಿನ ಮಹಡಿಯಲ್ಲಿ ಒಂದು ತಟ್ಟೆ ಸದ್ದಾಯಿತು. ಅದರ ಕೆಳಗೆ ಒಂದು ಚಮಚ ಬಿತ್ತು. ಆಮೇಲೆ ಕೊಳವೆಯಲ್ಲಿ ಏನೂ ಇಲ್ಲ.

ವೆಂದುಲಾ ನನ್ನ ತೋಳು ಹಿಡಿದುಕೊಂಡಳು. "ಟೀವಿ ಆರಿಸಿಬಿಟ್ರಾ ಎಲ್ರೂ?"

"ಗೊತ್ತಿಲ್ಲ ಕಣೇ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇಬ್ಬರೂ ಒಲೆಯ ಮೇಲೆ ಬಗ್ಗಿ, ಕೊಳವೆಗೆ ಕಿವಿಕೊಟ್ಟು ನಿಂತೆವು. ಒಂದು ಕೆಮ್ಮೂ ಇಲ್ಲ, ಕುರ್ಚಿ ಎಳೆದ ಸದ್ದೂ ಇಲ್ಲ. ನಾನು ಮನಸ್ಸಿನಲ್ಲೇ ಸಿನಿಮಾ ಓಡಿಸುತ್ತಿದ್ದೆ. ಈಗ ಗಾಡಿ ಹತ್ತಿದಳು, ಈಗ ಸೌದೆ ಒಟ್ಟಿದರು, ಈಗ ಕಾಗೆಗಳು ಇಳಿದವು, ಈಗ ಅಂಗಿ ಎಸೆದಳು.

"ಅಣ್ಣಾ!"

ಹಾಲ್‌ನಿಂದ ಬಂತು ಆ ಕೂಗು. ಕೆಳಗಿನ ಮನೆಯಿಂದಲೂ ಬಂತು, ಅದರ ಕೆಳಗಿನಿಂದಲೂ, ಮೇಲಿನ ಮಹಡಿಗಳಿಂದಲೂ. ಅದೇ ಹುಡುಗಿಯ ದನಿ, ಅದೇ ಒಂದು ಮಾತು, ಆ ಕೊಳವೆ ತುಂಬ. ವೆಂದುಲಾ ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆ ನೆಲದ ಮೇಲೆ ಕೂತಳು. ಮೊದಲ ತಟ್ಟೆಯ ಸದ್ದು ಮತ್ತೆ ಕೇಳಿಸಿದ್ದು ಸಿನಿಮಾ ಮುಗಿದು ಹೆಸರುಗಳು ಬರಲು ಶುರುವಾದ ಮೇಲೆ.